ಕೀಬೋರ್ಡ್ ಕೇರಿದ ಸೋಮವಾರ

ಕಂಪ್ಯೂಟರ್ ಮಲಗುತ್ತದೆ ಎಂದು ಸೊಸೆ ಮೊದಲ ಸಲ ಹೇಳಿದಾಗ ನನಗೆ ಸಿಟ್ಟು ಬಂದಿತ್ತು. ಎಮ್ಮೆ ಮಲಗುತ್ತದೆ, ಉಂಡ ಗಂಡಸು ಮಲಗುತ್ತಾನೆ. ಕಬ್ಬಿಣದ ಡಬ್ಬಿಗೆ ಎಂಥ ನಿದ್ದೆ? ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಕರೆಂಟು ಉಳಿಸಲು ಅದು ತಾನೇ ಪರದೆ ಕರ್ರಗೆ ಮಾಡಿಕೊಳ್ಳುತ್ತದೆ, ಒಳಗಿನ ಕೆಲಸ ಇದ್ದಲ್ಲೇ ಇರುತ್ತದೆ, ಕೀಬೋರ್ಡಿನ ಯಾವ ಗುಂಡಿ ಒತ್ತಿದರೂ ಎದ್ದು ಕೂರುತ್ತದೆ ಎಂದಳು. ನಾನು ನಂಬಲಿಲ್ಲ. ಒತ್ತಿ ತೋರಿಸಿದಳು. ಎದ್ದಿತು. ಆಮೇಲೆ ನಂಬಿದೆ.

ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯೇ ಸೊಸೆಯ ಅಂಗಡಿ. ಹೊಲದ ಉತಾರ, ಅಂದರೆ ಪಹಣಿ, ತೆಗೆದುಕೊಡುವುದು, ಜಾತಿ, ಆದಾಯದ ಅರ್ಜಿ ಹಾಕುವುದು, ಪರೀಕ್ಷೆಯ ಫಾರ್ಮ್ ತುಂಬುವುದು ಆಕೆಯ ಕೆಲಸ. ಮಗ ರಾಮದುರ್ಗದ ಬಸ್ಸಿಗೆ ಕಂಡಕ್ಟರ್. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ನಾನು ಮುನವಳ್ಳಿಯಲ್ಲಿ ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು. ಅಂಕಿ ಓದುತ್ತೇನೆ, ಅಕ್ಷರ ಒಂದೊಂದಾಗಿ ಕೂಡಿಸುತ್ತೇನೆ. ಈ ಕಥೆಯ ಮಾತು ನನ್ನದು, ಬರೆದ ಕಾಗುಣಿತ ಸೊಸೆಯದು. ಅಂಗಡಿಯಲ್ಲಿ ನನ್ನ ಪಾಲಿಗಿರುವುದು ಕಸ ಹೊಡೆಯುವುದು, ಬಂದವರನ್ನು ಕೂರಿಸಿ ನೀರು ಕೊಡುವುದು, ಸೋಮವಾರ ಡಬ್ಬಿಗೆ ವಿಭೂತಿ ಹಚ್ಚುವುದು. ಮನೆಗೆ ಅನ್ನ ಹಾಕುವ ವಸ್ತುವಿಗೆ ವಿಭೂತಿ ಹಚ್ಚುವುದು ನಮ್ಮಲ್ಲಿ ರೂಢಿ. ಮೊದಲು ಹೊಲ ಉಳುವ ರಂಟೆಗೆ ಹಚ್ಚುತ್ತಿದ್ದೆವು, ಈಗ ಇದಕ್ಕೆ.

ಡಬ್ಬಿಯ ಮುಖದಲ್ಲಿ ಒಂದು ದೊಡ್ಡ ಗುಂಡಿ ಇದೆ. ಅದರ ಮೇಲೆ ಸೊಸೆ ಕೆಂಪು ಟಿಕಳಿ ಅಂಟಿಸಿದ್ದಳು. ಹಣೆಗೆ ಇಟ್ಟುಕೊಳ್ಳುವ ಟಿಕಳಿಯೇ. ಅತ್ತೆ ಇದನ್ನು ಮುಟ್ಟಕೂಡದು ಎಂದು ಅದರ ಅರ್ಥ. ಹಿಂದಿನ ವರ್ಷ ಒಂದು ದಿನ ಆಕೆ ಸ್ನಾನಕ್ಕೆ ಹೋದಾಗ ಪರದೆ ಕರ್ರಗಿತ್ತು. ಎಬ್ಬಿಸೋಣ ಎಂದು ನಾನು ಆ ಗುಂಡಿಯನ್ನು ಮಿಕ್ಸರ್ ಒತ್ತಿದ ಹಾಗೆ ಒತ್ತಿ ಹಿಡಿದೆ. ಅದು ಏಳಲಿಲ್ಲ, ಸತ್ತೇಹೋಯಿತು. ಯಾವುದೋ ಸಾಲೆಯ ಮಕ್ಕಳ ಹೆಸರಿನ ಯಾದಿಯನ್ನು ಬೆಳಗಿನಿಂದ ಬಡಿದಿದ್ದಳಂತೆ, ಎಲ್ಲಾ ಹೋಯಿತು. ಸೊಸೆ ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ಎರಡು ದಿನ ತುಟಿ ಬಿಚ್ಚದೆ ರೊಟ್ಟಿ ಬಡಿದಳು. ಮೂರನೇ ದಿನ ಟಿಕಳಿ ಅಂಟಿಸಿದಳು. ಅಂದಿನಿಂದ ನನ್ನನ್ನೊಬ್ಬಳನ್ನೇ ಅಂಗಡಿಯಲ್ಲಿ ಬಿಟ್ಟು ಹೋಗುತ್ತಿರಲಿಲ್ಲ. ಹೊರಗೆ ಹೋಗುವುದಿದ್ದರೆ ಬಾಗಿಲು ಎಳೆದುಕೊಂಡು ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ನಮಗೇ ಬಾಗಿಲು.  

ನಾನು ಹೇಳುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸಂಗೊಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಕಂಕುಳಲ್ಲಿ ಕಾಗದದ ಚೀಲ, ಕೈಯಲ್ಲಿ ಒಂದು ಗಂಟು ಹುರಿದ ಶೇಂಗಾ. ಅವರ ಓಣಿಯ ಅಂಗನವಾಡಿಯ ಟೀಚರ್ ನಿವೃತ್ತಿ ಆಗಿದ್ದರು. ಆ ಜಾಗಕ್ಕೆ ಅರ್ಜಿ ಕರೆದಿದ್ದರು. ಅದೇ ಊರಿನವರಿಗೇ ಕೊಡುವುದು, ಮೂವತ್ತೈದು ದಾಟಿರಬಾರದು. ಈಕೆಗೆ ಮುಂದಿನ ತಿಂಗಳು ಮೂವತ್ತೈದು ತುಂಬುತ್ತಿತ್ತು. ಅರ್ಜಿ ಹಾಕಲು ಅದೇ ಕಡೇ ದಿನ, ಸಂಜೆ ಐದೂವರೆಗೆ ಬಂದ್.

"ಇಷ್ಟ ದಿನಾ ಏನ್ ಮಾಡಿದೆವಾ?" ಎಂದು ಕೇಳಿದೆ.

"ವಾಸದ ಸರ್ಟಿಫಿಕೇಟ್ ಸನಿವಾರ ಕೈಗೆ ಬಂತ್ರಿ ಆಯಿ. ಅದಕ್ಕ ನಾಕ ಸಲಾ ಅಡ್ಡಾಡೇನಿ. ಮೊದಲಿದ್ದ ಟೀಚರ್ ಇಪ್ಪತ್ತೆಂಟ ವರ್ಸ ಆ ಕುರ್ಚಿ ಬಿಟ್ಟಿರಲಿಲ್ರಿ. ಈಗ ಬರೂವಾಕಿ ಮತ್ತ ಇಪ್ಪತ್ತೆಂಟ ವರ್ಸ ಬಿಡೂದಿಲ್ಲ. ನನಗ ಇದ ಮೊದಲನೇದು, ಇದ ಕಡೀದು."

ಮದುವೆಗೆ ಮುಂಚೆ ಪಿಯುಸಿ ಪಾಸಾಗಿದ್ದಳಂತೆ. ಅಂಕಪಟ್ಟಿಯನ್ನು ಹಳೆಯ ರವಿಕೆಯ ಅರಿವೆಯಲ್ಲಿ ಸುತ್ತಿ ತಂದಿದ್ದಳು. ಹದಿನಾರು ವರ್ಷ ಅದನ್ನು ಯಾರೂ ಕೇಳಿರಲಿಲ್ಲ ಎಂದಳು.

ಆ ದಿನ ಊರೂರ ಮಂದಿಯೆಲ್ಲ ಅಂಥದೇ ಅರ್ಜಿಗೆ ಮುಗಿಬಿದ್ದಿದ್ದರೋ ಏನೋ, ಒಂದೊಂದು ಪುಟ ತೆರೆಯಲು ಅರ್ಧರ್ಧ ತಾಸು. ಚಕ್ರ ಗರಗರ ತಿರುಗುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಶೇಂಗಾ ತಿಂದರು. ಸೊಸೆ ಒಂದು ಕೈಯಲ್ಲಿ ಶೇಂಗಾ ತಿಕ್ಕುವಳು, ಊದುವಳು, ಇನ್ನೊಂದು ಕೈಯಲ್ಲಿ ಗುಂಡಿ ಬಡಿಯುವಳು. ಕೆಂಪು ಸಿಪ್ಪೆಯೆಲ್ಲ ಕೀಬೋರ್ಡಿನ ಸಂದಿಗೆ. ನಾನು ನೋಡುತ್ತಲೇ ಇದ್ದೆ. ಮಧ್ಯಾಹ್ನ ಎರಡು ಹೊಡೆದ ಮೇಲೆ ಕಡೇ ಪುಟ ಬಂತು. ಇನ್ನು ಸಹಿಯೊಂದೇ ಬಾಕಿ. ಅದು ಕೈಯಿಂದ ಹಾಕುವ ಸಹಿಯಲ್ಲ. ಆಧಾರಿಗೆ ಕೂಡಿಸಿದ ಫೋನಿಗೆ ಆರು ಅಂಕಿ ಬರುತ್ತವೆ, ಅವನ್ನು ಇಲ್ಲಿ ಹಾಕಬೇಕು. ಈಕೆಯ ಆಧಾರಿಗೆ ಕೂಡಿಸಿದ್ದು ಗಂಡನ ಫೋನು. ಗಂಡ ಆ ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಚ್ಚಿ, ಬೀಗ ಹಾಕಿಕೊಂಡು ದೂರದ ಹೊಲಕ್ಕೆ ಹೋಗಿದ್ದ.

"ನಾಕಕ್ಕ ಮನಿಗೆ ಬರತಾರ್ರಿ," ಎಂದಳು. "ಎಮ್ಮಿ ಹಾಲ ಹಿಂಡೂ ಹೊತ್ತು ತಪ್ಪಸೂದಿಲ್ಲ. ಹೆಂಡತಿ ತಪ್ಪಿದ್ರೂ ನಡೀತೈತಿ."

ಬಂದ ಕೂಡಲೇ ಫೋನ್ ಹಿಡಿದು ಕೂರಲಿ, ನಂಬರ್ ಬರುತ್ತದೆ ಎಂದು ಬಾಜು ಮನೆಯವರಿಗೆ ಫೋನ್ ಮಾಡಿ ಹೇಳಿದಳು. ನಾಲ್ಕರವರೆಗೆ ಕಾಯುವುದೆಂದಾಯಿತು. ಮೂರು ಹತ್ತಕ್ಕೆ ಮೊಮ್ಮಗಳ ಸಾಲೆಯಿಂದ ಫೋನ್ ಬಂತು. ಹುಡುಗಿ ವಾಂತಿ ಮಾಡಿಕೊಂಡಿದೆ, ಮೈ ಸುಡುತ್ತಿದೆ, ಕರೆದುಕೊಂಡು ಹೋಗಿ ಎಂದರು. ಸೊಸೆ ಎದ್ದು ನಿಂತಳು, ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ, ಆದರೆ ಅರ್ಥವಾಯಿತು.

"ಅತ್ತೀ, ನಾಕರೊಳಗ ಬಂದಬಿಡತೇನ್ರಿ. ಇದು ಮಲಗತೈತಿ, ಮಲಗಲಿ. ನಾಕ ಆದ್ರೂ ನಾ ಬರಲಿಲ್ಲಂದ್ರ ಕೀಬೋರ್ಡಿನ ಒಂದ ಗುಂಡಿ ಒತ್ತ್ರಿ, ಏಳತೈತಿ, ನನಗ ಫೋನ್ ಹಚ್ಚ್ರಿ. ಬ್ಯಾರೆ ಏನೂ ಮುಟ್ಟಬ್ಯಾಡ್ರಿ. ಟಿಕಳಿ ಅಂತೂ..."

"ಗೊತ್ತೈತಿ ಹೋಗ. ಕೂಸಿನ ನೋಡ ಹೋಗ."

ಸ್ಕೂಟರ್ ಹತ್ತಿ ಹೋದಳು. ಸಂಗೊಳ್ಳಿಯಾಕೆ ಬೆಳಗಿನಿಂದ ಶೇಂಗಾ ಬಿಟ್ಟು ಏನೂ ಉಂಡಿರಲಿಲ್ಲ. ಒಳಗೆ ಕರೆದು ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ ಕೂರಿಸಿದೆ. ಬೇಡ ಬೇಡ ಎಂದು ನಾಲ್ಕು ರೊಟ್ಟಿಗೆ ಕೈ ಹಾಕಿದಳು. ನಾನು ಪಡಸಾಲೆಗೆ ಬಂದೆ.

ಪರದೆ ಇನ್ನೂ ಬೆಳಗುತ್ತಿತ್ತು. ಅದರ ಮುಂದೆ ಕೀಬೋರ್ಡು, ಸಂದಿಸಂದಿಯಲ್ಲಿ ಕೆಂಪು ಸಿಪ್ಪೆ. ನನ್ನ ಕಣ್ಣಿಗೆ ಅದನ್ನು ತಡೆಯಲಾಗಲಿಲ್ಲ. ಅರವತ್ತು ವರ್ಷ ಕಾಳಿನಿಂದ ಹೊಟ್ಟು ಬೇರೆ ಮಾಡಿದ ಕೈ ಇದು. ಬೆರಳಿನಿಂದ ತೆಗೆಯಹೋದೆ, ಇನ್ನೂ ಒಳಗೆ ಇಳಿಯಿತು. ಊದಿದೆ, ನನ್ನ ಮುಖಕ್ಕೇ ಬಂತು. ಎತ್ತಿ ಬೋರಲು ಮಾಡಬೇಕು ಎಂದರೆ ವೈರು ಜಗ್ಗುತ್ತಿತ್ತು. ಟೇಬಲ್ಲಿನ ಹಿಂದೆ ಕೈ ಹಾಕಿದೆ, ವೈರಿನ ತುದಿ ಸಿಕ್ಕಿತು, ಎಳೆದೆ. ಬಂತು. ಪರದೆ ಹಾಗೇ ಇತ್ತು, ಏನೂ ಆಗಲಿಲ್ಲ. ಧೈರ್ಯ ಬಂತು.

ಹೊಸ್ತಿಲ ಹೊರಗೆ ನಿಂತು ಕೀಬೋರ್ಡನ್ನು ಎರಡೂ ಕೈಯಲ್ಲಿ ಮೊರದ ಹಾಗೆ ಹಿಡಿದು ಕೇರಿದೆ. ಮೊರ ಕೇರಿದ್ದೇ, ಬೇರೆ ಏನಲ್ಲ. ಗಾಳಿಯ ದಿಕ್ಕು ನೋಡಿಕೊಂಡು, ಮೇಲೆ ಹಾರಿಸಿ ಕೆಳಗೆ ತಟ್ಟಿ. ಸಿಪ್ಪೆ ಹಾರಿತು, ಎರಡು ಶೇಂಗಾ ಬೇಳೆ ಬಿದ್ದವು, ಒಂದು ಕೂದಲು, ಯಾವ ಕಾಲದ್ದೋ ಚುರಮುರಿ ಬಿತ್ತು. ಬೋರಲು ಮಾಡಿ ಬೆನ್ನಿಗೆ ನಾಲ್ಕು ಬಡಿದೆ. ಒಣ ಅರಿವೆಯಿಂದ ಒರಸಿದೆ. ಹೊಸದಾಗಿ ಕಂಡಿತು. ಸೊಸೆ ನೋಡಿದರೆ ಮೆಚ್ಚುತ್ತಾಳೆ ಎಂದೂ ಅನ್ನಿಸಿತು.

ತಿರುಗಿ ವೈರು ಹಾಕಲು ಹಿಂದಿನ ತೂತು ಸಿಗಲಿಲ್ಲ. ಡಬ್ಬಿಯ ಬೆನ್ನು ಗೋಡೆಗೆ, ನನ್ನ ಮೊಣಕಾಲು ಬಗ್ಗುವುದಿಲ್ಲ. ಡಬ್ಬಿಯ ಮುಂದೆ ಟಿಕಳಿಯ ಕೆಳಗೆ ಅಂಥದೇ ಎರಡು ತೂತು ಇದ್ದವು. ತೂತು ತೂತೇ ಅಲ್ಲವೇ. ಅದರಲ್ಲಿ ಹಾಕಿದೆ, ಸರಿಯಾಗಿ ಕೂತಿತು. ಕೈ ತೊಳೆದು ಬಂದು ನೋಡುವಷ್ಟರಲ್ಲಿ ಪರದೆ ಕರ್ರಗಾಗಿತ್ತು. ಮಲಗಿದೆ ಎಂದುಕೊಂಡೆ.

ಏಳುತ್ತದೋ ಇಲ್ಲವೋ ನೋಡೋಣ ಎಂದು ಒಂದು ಗುಂಡಿ ಒತ್ತಿದೆ.

ಏಳಲಿಲ್ಲ.

ಉದ್ದನೆಯ ಗುಂಡಿ ಒತ್ತಿದೆ. ಮೂಲೆಯದು ಒತ್ತಿದೆ. ಹತ್ತೂ ಬೆರಳಿಂದ ಒತ್ತಿದೆ. ಕರ್ರಗೆ ಕೂತಿತ್ತು. ಅದರಲ್ಲಿ ನನ್ನ ಮುಖ ಕಂಡಿತು, ಬಾಯಿ ತೆರೆದಿತ್ತು. ಮೌಸ್ ಆಡಿಸಿದೆ. ಅದರಿಂದ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಫ್ಯಾನಿಗೆ ಟೇಬಲ್ ಅಲುಗಿದರೂ ಎಚ್ಚರಾಗುತ್ತದೆ ಎಂದು ಸೊಸೆ ಆ ಅಧಿಕಾರ ಮೌಸಿನಿಂದ ಕಸಿದಿದ್ದಳು. ಆದರೂ ಆಡಿಸಿದೆ.  ಕೇರಿದಾಗ ಒಳಗೆ ಏನೋ ಮುರಿಯಿತು ಎಂದುಕೊಂಡೆ. ಬೆನ್ನಿಗೆ ನಾಲ್ಕು ಬಡಿದೆನಲ್ಲ, ಅದೇ. ವೈರು ಎಳೆದದ್ದಕ್ಕೇ ಡಬ್ಬಿಯೂ ಸತ್ತಿರಬೇಕು ಎಂದೂ ಅನ್ನಿಸಿತು. ಒಳಗೆ ಆಕೆ ತಾಟು ತೊಳೆಯುವ ಸಪ್ಪಳ ಕೇಳುತ್ತಿತ್ತು.

ಆಕೆ ಸೆರಗಿಗೆ ಕೈ ಒರಸುತ್ತಾ ಬಂದಳು. ಗಡಿಯಾರ ನೋಡಿದಳು, ಪರದೆ ನೋಡಿದಳು.

"ಯಾಕ್ರಿ ಆಯಿ, ಕರ್ರಗ ಆತಲ್ಲ?"

"ಮಲಗೈತಿ."

"ಏಳತೈತಲ್ರಿ?"

"ಏಳಲಾರದ ಎಲ್ಲಿ ಹೋಗತೈತಿ. ಕುಂದರ ನೀ."

ಕೂತಳು. ಚೀಲ ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಕೂತವರ ಹಾಗೆ ಮುಂದೆ ನೋಡುತ್ತಾ ಕೂತಳು. ನಾನು ಆಕೆಗೆ ಬೆನ್ನು ಮಾಡಿ ಸೊಸೆಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಗಾಡಿಯ ಮೇಲೆ ಇದ್ದಾಳೆ. ಮತ್ತೆ ಹಚ್ಚಿದೆ. ಎತ್ತಲಿಲ್ಲ. ಮಗನಿಗೆ ಹಚ್ಚಿದೆ, ಬಂದ್ ಇತ್ತು. ಅವನು ಎತ್ತಿದ್ದರೂ ಟಿಕೇಟ್ ಹರಿಯುವವನಿಗೆ ಇದೇನು ತಿಳಿಯಬೇಕು. ಮೂರು ನಲವತ್ತು ಆಗಿತ್ತು.

ಮೂರು ಐವತ್ತಕ್ಕೆ ಸೊಸೆ ತಾನೇ ಹಚ್ಚಿದಳು. ಹಿಂದೆ ಮಕ್ಕಳು ಅಳುವ ಸಪ್ಪಳ. ದವಾಖಾನೆಯಲ್ಲಿ ಪಾಳಿ ಹಚ್ಚಿದ್ದಳು, ಮುಂದೆ ಇನ್ನೂ ಆರು ಮಂದಿ.

"ಏನಾತ್ರಿ ಅತ್ತಿ?"

"ಗುಂಡಿ ಒತ್ತಿದೆವಾ. ಏಳವಲ್ದು."

"ಜೋರಾಗಿ ಒತ್ತ್ರಿ."

"ಎಲ್ಲಾ ಒತ್ತಿ ಆತು."

"ಡಬ್ಬಿ ಮ್ಯಾಲೆ ಸಣ್ಣ ದೀಪ ಮಿಣಮಿಣ ಅನ್ನಾಕತ್ತೈತೇನ್ರಿ? ಟಿಕಳಿ ಬಾಜೂಕ."

ನೋಡಿದೆ. ಯಾವ ದೀಪವೂ ಇರಲಿಲ್ಲ. "ಇಲ್ಲ," ಎಂದೆ.

 "ಅತ್ತೀ, ವೈರ್ ಗೀರ್ ಏನರ ಬಿಚ್ಚಿದ್ರೇನ್ರಿ?"

ಸಂಗೊಳ್ಳಿಯಾಕೆ ನನ್ನ ಬೆನ್ನ ಹಿಂದೆಯೇ ಇದ್ದಳು. ಟಿಕಳಿ ಕಣ್ಣೆದುರೇ ಇತ್ತು. ಎರಡು ದಿನ ಮಾತಿಲ್ಲದೆ ಬಡಿದ ರೊಟ್ಟಿ ನೆನಪಾಯಿತು.

"ಇಲ್ಲ. ನಾ ಯಾಕ ಬಿಚ್ಚಲಿ," ಎಂದೆ.

ಸುಳ್ಳು ಹೇಳುವುದು ನನಗೆ ಹೊಸದಲ್ಲ. ಗಂಡನಿಗೆ ಹೇಳಿದ್ದೇನೆ, ಅತ್ತೆಗೆ ಹೇಳಿದ್ದೇನೆ. ಆದರೆ ಹೇಳಿದ ಕ್ಷಣಕ್ಕೇ ಕೆಲಸ ಕೆಡಿಸಿದ ಸುಳ್ಳು ಅದೊಂದೇ.

"ಹಂಗಂದ್ರ ಅದು ಮಲಗಿಲ್ರಿ," ಎಂದಳು ಸೊಸೆ. ದನಿ ಸಣ್ಣಗಾಗಿತ್ತು. "ಕೀಬೋರ್ಡ್ ಇದ್ದಲ್ಲೇ ಇದ್ದು, ದೀಪಾನೂ ಇಲ್ಲಂದ್ರ ಡಬ್ಬಿನ ನಿಂತೈತಿ. ಒಳಗಿಂದು ಹೋದಂಗ. ಏನೂ ಮುಟ್ಟಬ್ಯಾಡ್ರಿ, ನಾ ಬಂದು ಮತ್ತ ಚಾಲೂ ಮಾಡತೇನಿ. ಮೊದಲ್ನಿಂದ ತುಂಬಬೇಕು."

"ಐದೂವರಿ ಒಳಗ ಆಗತೈತೇನು?"

"ಮುಂಜಾನಿಂದ ಎಷ್ಟ ಹೊತ್ತ ಹಿಡೀತು ನೋಡೀರಲ್ರಿ."

ಫೋನ್ ಇಟ್ಟಳು. ನಾನು ಕಿವಿಗೇ ಹಿಡಿದುಕೊಂಡು ನಿಂತಿದ್ದೆ, ಮಾತು ಇನ್ನೂ ನಡೆದಿದೆ ಎಂಬಂತೆ. ಕೆಳಗೆ ಇಳಿಸಿದರೆ ಸಂಗೊಳ್ಳಿಯಾಕೆ ಏನಾಯಿತು ಎಂದು ಕೇಳುತ್ತಾಳೆ.

ಅಷ್ಟರಲ್ಲಿ ಆಕೆಯ ಫೋನ್ ಬಡಿಯಿತು. ಗುಂಡಿಯ ಸಣ್ಣ ಫೋನು, ಆದರೆ ಆ ಕಡೆಯ ಮಾತು ಇಡೀ ಪಡಸಾಲೆಗೆ ಕೇಳುತ್ತಿತ್ತು. ಗಂಡ.

"ಏ, ಮನಿಗೆ ಬಂದೇನಿ. ಫೋನ್ ಕೈಯಾಗ ಹಿಡದ ಕುಂತೇನಿ. ನಂಬರ ಬಂದಿಲ್ಲಲ?"

"ತಡೀರಿ. ಮಸೀನ್ ಮಲಗೈತಂತ."

"ನೀ ಹೋದಲ್ಲೆ ಮಸೀನೂ ಮಲಗತಾವು. ಎಮ್ಮಿ ಒದರಾಕತ್ತೈತಿ, ಹಿಂಡಲೋ ಬ್ಯಾಡೋ?"

"ಒಂದ ಕೈಲಿ ಹಿಂಡ್ರಿ. ಫೋನ್ ಮಾತ್ರ ಬಿಡಬ್ಯಾಡ್ರಿ. ಕಿಸೇದಾಗ ಇಡಬ್ಯಾಡ್ರಿ, ಕಣ್ಮುಂದ ಇಟಗೋರಿ."

"ಒಂದ ಕೈಲಿ ಎಮ್ಮಿ ಹಿಂಡಿದ್ದ ಯಾವಾಗ ನೋಡೀಯ ನೀ," ಎಂದ ಆತ. ಆಮೇಲೆ ದನಿ ಇಳಿಸಿ, "ಆಗತೈತಲ?" ಎಂದ.

"ಆಗತೈತಿ ಅಂತಾರ ಆಯಿ."

ಆಯಿ ಹಾಗೆ ಹೇಳಿದ್ದಳು, ನಿಜ. ಆಕೆ ಫೋನ್ ಇಟ್ಟು ನನ್ನನ್ನು ನೋಡಿದಳು.  ಚೀಲದಿಂದ ಆ ರವಿಕೆ ಅರಿವೆ ತೆಗೆದು, ಅಂಕಪಟ್ಟಿ ಇದೆಯೋ ಇಲ್ಲವೋ ಮುಟ್ಟಿ ನೋಡಿ, ಮತ್ತೆ ಸುತ್ತಿದಳು. ಅದನ್ನು ಈಗ ಯಾರೂ ಕೇಳುವವರಿರಲಿಲ್ಲ. ಸುಮ್ಮನೆ ಮುಟ್ಟಿ ನೋಡಿದಳು.

ನನಗೆ ಕನಿಕರ ಬೇಗ ಬರುವುದಿಲ್ಲ. ಆಗ ಬಂದದ್ದು ಲೆಕ್ಕಾಚಾರ. ಹೇಳಿದರೆ ಸೊಸೆ ಇನ್ನೆಂದೂ ನನ್ನನ್ನು ಅಂಗಡಿಯಲ್ಲಿ ಬಿಡುವುದಿಲ್ಲ. ಹೇಳದಿದ್ದರೆ ಈಕೆಗೆ ಮುಂದಿನ ತಿಂಗಳು ಮೂವತ್ತೈದು ತುಂಬುತ್ತದೆ. ವೈರು ಎಳೆದದ್ದು ಮುಖ್ಯವಲ್ಲದಿದ್ದರೆ ಸೊಸೆ ಅದನ್ನೇ ಯಾಕೆ ಕೇಳುತ್ತಿದ್ದಳು? ಆ ಪ್ರಶ್ನೆ ತಲೆಯಲ್ಲಿ ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ. ನಾಲ್ಕು ಹೊಡೆದು ಐದು ನಿಮಿಷವಾಗಿತ್ತು. ಮತ್ತೆ ಫೋನ್ ಹಚ್ಚಿದೆ.

"ಬಿಚ್ಚಿದ್ದೆ," ಎಂದೆ. ಬೇರೆ ಪೀಠಿಕೆ ನನಗೆ ಬರುವುದಿಲ್ಲ.

"ಏನ್ ಬಿಚ್ಚಿದ್ರಿ?"

"ಕೀಬೋರ್ಡಿನ ವೈರ್. ಸಿಪ್ಪಿ ತುಂಬಿತ್ತು. ಬಿಚ್ಚಿ ಹೊರಗ ಒಯ್ದು ಕೇರಿದೆ. ಆಮ್ಯಾಲೆ ಮುಂದಿನ ತೂತಿನ್ಯಾಗ ಹಾಕೇನಿ."

 ಈ ಕಡೆ ಸಂಗೊಳ್ಳಿಯಾಕೆ ಎದ್ದು ನಿಂತಳು.

"ಕೇರಿದ್ರಿ," ಎಂದಳು ಸೊಸೆ.

"ಹೌದ, ಕೇರಿದೆ. ಬಯ್ಯೂದಿದ್ರ ಸಂಜಿಕ ಬಯ್ಯಿ. ಈಗ ಏನ್ ಮಾಡ್ಲಿ ಹೇಳ."

"ಮುಂದಿನ ತೂತಿಗೆ ಡಬ್ಬಿ ಮಲಗಿದಾಗ ಕರೆಂಟ್ ಹೋಗೂದಿಲ್ರಿ ಅತ್ತಿ. ಹಿಂದಿನ ಒಂದ ತೂತಿಗೆ ಅಷ್ಟ ಹೋಗತೈತಿ. ಅದಕ್ಕ ನೀವು ಎಷ್ಟ ಒತ್ತಿದ್ರೂ ಅದಕ್ಕ ಗೊತ್ತಾಗಿಲ್ಲ. ದೀಪ ಇಲ್ಲಂದ್ರಿ... ಇವತ್ತ ಸೋಮಾರ. ವಿಭೂತಿ ಹಚ್ಚೀರೇನ್ರಿ?"

ಬೆಳಿಗ್ಗೆ ಹಚ್ಚಿದ್ದೆ. ಮೂರು ಬೆರಳಗಲ, ಟಿಕಳಿಯ ಎರಡೂ ಕಡೆ. ಸೆರಗಿನ ತುದಿಗೆ ಉಗುಳು ಹಚ್ಚಿ ಒರಸಿದೆ. ಒರಸಿದಲ್ಲಿ ಸಾಸಿವೆ ಕಾಳಿನಷ್ಟು ಬೆಳಕು ಕಂಡಿತು. ಆರಿತು. ಮತ್ತೆ ಕಂಡಿತು.

"ಮಿಣಮಿಣ ಅನ್ನಾಕತ್ತೈತಿ," ಎಂದೆ.

"ಹಂಗಂದ್ರ ಜೀವ ಐತ್ರಿ. ಬರೇ ಮಲಗೈತಿ." ಸೊಸೆಯ ಉಸಿರು ಫೋನಿನಲ್ಲಿ ಕೇಳಿತು. "ಈಗ ಟಿಕಳಿ ಇದ್ದ ಗುಂಡಿ ಒತ್ತ್ರಿ."

"ಒಲ್ಲೆ."

"ಒತ್ತ್ರಿ ಅತ್ತಿ. ಹಿಡೀಬ್ಯಾಡ್ರಿ, ಮುಟ್ಟಿ ಬಿಡ್ರಿ. ಹಿಡದ್ರ ಸಾಯತೈತಿ, ಮುಟ್ಟಿದ್ರ ಏಳತೈತಿ. ಹಂಚ ಕಾದೈತೋ ಇಲ್ಲೋ ಬೆರಳಿಲೆ ಹೆಂಗ ನೋಡತೀರಿ? ಹಂಗ."

ಹಂಚು ಮುಟ್ಟುವುದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಹಂಚು ಸುಡುತ್ತದೆ, ಕೈ ತಾನೇ ಹಿಂದೆ ಬರುತ್ತದೆ. ಇದು ತಣ್ಣಗಿತ್ತು. ಬೆರಳು ಟಿಕಳಿಯ ತನಕ ಒಯ್ದೆ. ಬೇಗ ಬಿಡದಿದ್ದರೆ ಎಂದು ಹೆದರಿಕೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡೆ, ಹಿಂದಕ್ಕೆ ಎಳೆದುಕೊಳ್ಳಲು.

"ನಾ ಒತ್ತಲೇನ್ರಿ ಆಯಿ?" ಎಂದಳು ಸಂಗೊಳ್ಳಿಯಾಕೆ.

"ಬ್ಯಾಡ. ನಾ ಕೆಡಸೇನಿ, ನಾನ ನೋಡತೇನಿ."

ಮುಟ್ಟಿದೆ. ಬಿಟ್ಟೆ.

ಏನೂ ಆಗಲಿಲ್ಲ. ಒಳಗೆ ಫ್ಯಾನೊಂದು ಗೊರ್ ಎಂದಿತು. ಪರದೆ ಕರ್ರಗೇ ಇತ್ತು. ಎಷ್ಟು ಹೊತ್ತು ಹಾಗಿತ್ತೋ, ನನಗೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು ಅನ್ನಿಸಿತು. ಆಮೇಲೆ ಬೆಳಕು ಬಂತು. ಆ ಪುಟವೇ. ಮೇಲೆ ಮೂಲೆಯಲ್ಲಿ ಸಂಗೊಳ್ಳಿಯಾಕೆಯ ಫೋಟೋ, ಸ್ಟುಡಿಯೋದಲ್ಲಿ ತೆಗೆಸಿದ್ದು, ಕಣ್ಣು ಅಗಲ ಮಾಡಿಕೊಂಡಿದ್ದು.

ಆಕೆ ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ಮನ್ಯಾಗ ಮೊರಾ ಇರಲಿಲ್ಲೇನ್ರಿ ಆಯಿ, ಇದನ್ನ ತಗೊಂಡ ಕೇರಾಕ?" ಎಂದಳು. ನಗುತ್ತಿರಲಿಲ್ಲ.  ನಿನ್ನ ಶೇಂಗಾದಿಂದಲೇ ಆದದ್ದು ಎಂದು ಬಾಯಿಗೆ ಬಂದದ್ದನ್ನು ನುಂಗಿದೆ.

ಮುಂದಿನದು ನಾವಿಬ್ಬರೇ ಮಾಡಿದೆವು. ಸೊಸೆ ನನ್ನ ಫೋನಿನಲ್ಲಿ, ಗಂಡ ಆಕೆಯ ಫೋನಿನಲ್ಲಿ. ಆಕೆ ಇಂಗ್ಲಿಷ್ ಓದುವಳು, ಮೌಸ್ ಹಿಡಿದು ಗೊತ್ತಿಲ್ಲ. ಸೊಸೆಯನ್ನು ನೋಡಿ ನೋಡಿ ನನಗೆ ಮೌಸ್ ಗೊತ್ತು, ಓದಲು ಬಾರದು. "ಕೆಳಗ ಹಸರ ಪಟ್ಟಿ ಐತ್ರಿ," ಎನ್ನುವಳು ಸೊಸೆ. "ಹಸರ ಪಟ್ಟಿ," ಎನ್ನುವೆ ನಾನು. "ಇಲ್ಲಿ, ಇಲ್ಲಿ," ಎಂದು ಆಕೆ ಪರದೆಗೇ ಬೆರಳು ಒತ್ತುವಳು. ಹಸಿರು ಪಟ್ಟಿ ಒತ್ತಿದೆವು. ಚಕ್ರ ತಿರುಗಿತು. ನಾಲ್ಕೂವರೆ ದಾಟಿತು. ಗಂಡನ ಫೋನಿನಿಂದ ಎಮ್ಮೆಯ ಸಪ್ಪಳ ಬರುತ್ತಿತ್ತು.

"ಬಂತು," ಎಂದ ಗಂಡ.

"ಹೇಳ್ರಿ."

"ತಡಿ, ಕನ್ನಡಕ ಎಲ್ಲಿಟ್ಟೆ."

"ನಿಮ್ಮ ಕನ್ನಡಕಕ್ಕ ಬೆಂಕಿ ಹತ್ತಲಿ, ಬಾಜೂ ಮನಿ ಹುಡುಗಿಗೆ ತೋರಸ್ರಿ."

ಯಾರದೋ ಹುಡುಗಿಯ ದನಿ ಒಂದೊಂದೇ ಅಂಕಿ ಹೇಳಿತು. ಆಕೆ ತಿರುಗಿ ಹೇಳಿದಳು, ನಾನು ಗುಂಡಿ ಒತ್ತಿದೆ. ಅಂಕಿ ನನಗೆ ಬರುತ್ತವೆ ಎಂದೆನಲ್ಲ. ಆರೂ ಒತ್ತಿದೆ. ಕೇರಿದ ಕೀಬೋರ್ಡು, ಒಂದೂ ತಪ್ಪಲಿಲ್ಲ. ಮತ್ತೆ ಚಕ್ರ ತಿರುಗಿತು. ಆ ಚಕ್ರ ನೋಡುತ್ತಾ ನಾನು ಕಾಲಿನ ಬೆರಳು ಮಡಿಚಿ ನಿಂತಿದ್ದೆ, ಕರೆಂಟು ಹೋದರೆ, ಮತ್ತೆ ಮಲಗಿದರೆ, ಯಾರಾದರೂ ಬಂದು ವೈರು ಎಡವಿದರೆ ಎಂದು. ಬಾಗಿಲಿಗೆ ಒಬ್ಬ ಉತಾರ ಬೇಕೆಂದು ಬಂದ. "ಬಂದ್ ಐತಿ, ನಾಳಿ ಬಾ," ಎಂದೆ. ಅವನು ಕಾಲು ಒಳಗಿಡದ ಹಾಗೆ ಬಾಗಿಲಿಗೆ ಅಡ್ಡ ನಿಂತೆ.

ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಪರದೆಯ ಮೇಲೆ ಒಂದು ಉದ್ದನೆಯ ನಂಬರ್ ಬಂತು. ಆಕೆ ಓದಿದಳು. ಸೊಸೆ ಆ ಕಡೆಯಿಂದ, "ಮುಟ್ಟಿತ್ರಿ, ಅರ್ಜಿ ಮುಟ್ಟಿತು," ಎಂದಳು. ಆಮೇಲೆ, "ಅತ್ತೀ, ಇನ್ನ ಏನೂ ಮುಟ್ಟಬ್ಯಾಡ್ರಿ, ಕೈ ತೆಗೀರಿ," ಎಂದಳು. ಕೈ ತೆಗೆದೆ.

ಮೊಮ್ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಸೊಸೆ ಬಂದಾಗ ಸಂಗೊಳ್ಳಿಯಾಕೆ ಬಸ್ಸಿಗೆ ಹೊರಟು ನಿಂತಿದ್ದಳು. ಸೊಸೆ ಅರ್ಜಿ ಮುಟ್ಟಿದ ಕಾಗದ ತೆಗೆದುಕೊಟ್ಟಳು. ಆಕೆ ಅದನ್ನೂ ರವಿಕೆ ಅರಿವೆಯಲ್ಲಿ ಸುತ್ತಿದಳು. ನನಗೆ "ಬರತೇನ್ರಿ ಆಯಿ" ಎಂದಳು, ಅಷ್ಟೇ. ಹೆಚ್ಚು ನಾನೂ ಬಯಸಲಿಲ್ಲ.

ಸೊಸೆ ಆ ಸಂಜೆ ಬಯ್ದಳು. ಚೆನ್ನಾಗಿ ಬಯ್ದಳು, ಪಲ್ಯ ಒಗ್ಗರಣೆ ಹಾಕುವಷ್ಟು ಹೊತ್ತು. ಬಿಚ್ಚಿದ್ದಕ್ಕಲ್ಲ, ಬಿಚ್ಚಿಲ್ಲ ಎಂದದ್ದಕ್ಕೆ. ನಾನೂ ಹೇಳಿದೆ, ಶೇಂಗಾ ತಿಂದು ಮಸೀನಿನ ಬಾಯಿಗೆ ಸಿಪ್ಪೆ ಹಾಕಿದವರು ಯಾರು ಎಂದು. ರಾಮದುರ್ಗದಿಂದ ಬಂದ ಮಗ ಕೈಕಾಲು ತೊಳೆದು ಏನಾಯಿತು ಎಂದ. ಇಬ್ಬರೂ "ಏನಿಲ್ಲ" ಎಂದೆವು. ಮರುದಿನ ಸೊಸೆ ಡಬ್ಬಿಯನ್ನು ಗೋಡೆಯಿಂದ ಈಚೆ ತಿರುಗಿಸಿ, ಬೆನ್ನಿನ ಆ ಒಂದು ತೂತಿನ ಬಾಜುವಿಗೆ ಹಸಿರು ಟಿಕಳಿ ಅಂಟಿಸಿ ತೋರಿಸಿದಳು. ಕೆಂಪು ಟಿಕಳಿ ತೆಗೆಯಲಿಲ್ಲ. ದೀಪದ ಮೇಲೆ ವಿಭೂತಿ ಬೇಡ, ಡಬ್ಬಿಯ ತಲೆಗೆ ಹಚ್ಚಿ ಎಂದಳು. ಹಾಗೇ ಮಾಡುತ್ತಿದ್ದೇನೆ. ಈಗ ಬಾಗಿಲು ಎಳೆದುಕೊಂಡು ಹೋಗುವುದಿಲ್ಲ.

ಮೂರು ತಿಂಗಳ ಮೇಲೆ ಆಯ್ಕೆಯಾದವರ ಯಾದಿ ಬಂತು. ಸೊಸೆ ಪರದೆಯ ಮೇಲೆ ತೆರೆದಳು. ಸಂಗೊಳ್ಳಿಯ ಆ ಜಾಗ ಬೇರೆಯವಳಿಗೆ ಆಗಿತ್ತು, ಆಕೆಯ ಅಂಕ ಹೆಚ್ಚು. ನಮ್ಮಾಕೆ ಎರಡನೆಯವಳು. ನಾನು ಸೊಸೆಯ ಕೈಯಲ್ಲಿ ಮೂರು ಸಲ ಓದಿಸಿದೆ. ಫೋಟೋ ಬಿಟ್ಟುಹೋಗಿದ್ದಕ್ಕೋ, ಅಂಕಿ ತಪ್ಪಿದ್ದಕ್ಕೋ, ಹೊತ್ತು ಮೀರಿದ್ದಕ್ಕೋ ಆಗಿದೆಯೇನು ನೋಡು ಎಂದೆ.

"ಇಲ್ರಿ ಅತ್ತಿ. ಹೆಸರ ಐತಲ್ರಿ, ಅರ್ಜಿ ಸರೀನ ಹೋಗೈತಿ. ಪಿಯುಸಿ ನಂಬರ್ ಕಡಿಮಿ ಬಿದ್ದಾವ, ಅಷ್ಟ."

ಆ ರಾತ್ರಿ ನನಗೆ ನಿದ್ದೆ ಬಂತು. ಮೂರು ತಿಂಗಳಲ್ಲಿ ಮೊದಲ ಸಲ ಸರಿಯಾಗಿ ಬಂತು, ಸುಳ್ಳು ಹೇಳುವುದಿಲ್ಲ. ಆಕೆಗೆ ಬಂದಿರಲಿಕ್ಕಿಲ್ಲ.

ಸಂಗೊಳ್ಳಿಯಾಕೆ ಮೊನ್ನೆ ಹೊಲದ ಉತಾರಕ್ಕೆಂದು ಬಂದಿದ್ದಳು. ಮೂವತ್ತೈದು ದಾಟಿದೆ.  ಶೇಂಗಾ ತಂದಿದ್ದಳು. ಗಂಟು ಬಿಚ್ಚುವ ಮುಂಚೆಯೇ ನಾನು ಎದ್ದು ಹೋಗಿ ಮೊರ ತಂದು ಆಕೆಯ, ಸೊಸೆಯ ನಡುವೆ ಇಟ್ಟೆ.

"ಸಿಪ್ಪಿ ಇದರಾಗ ಹಾಕ್ರಿ," ಎಂದೆ.

ಆಕೆ ಮೊರ ನೋಡಿದಳು, ನನ್ನನ್ನು ನೋಡಿದಳು. "ಮನ್ಯಾಗ ಮೊರಾ ಇತ್ತಲ್ರಿ ಹಂಗಾರ," ಎಂದಳು.